ಟ್ರಾಕ್ಟರ್‌ನಲ್ಲಿ ಬಾರದ ವಾಂತಿ ಕಾರಿನಲ್ಲಿ ಯಾಕೆ? ಮಗಳನ್ನು ತಿರುಪತಿಗೆ ಕರೆದುಕೊಂಡು ಹೋಗಬೇಕು

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕ ಮಗನ ಮುಡಿ ಕೊಡುವ ಹರಕೆ ಇದೆ. ಮುಂದಿನ ತಿಂಗಳು ಮನೆಮಂದಿಯೆಲ್ಲ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ತಿರುಪತಿಗೆ ಹೊರಟಿದ್ದೇವೆ. ನನ್ನ ಚಿಂತೆ ದೊಡ್ಡ ಮಗಳದ್ದು. ಅವಳಿಗೆ 8 ವರ್ಷ. ಕಾರು ಹತ್ತಿದರೂ ವಾಂತಿ, ಬಸ್ಸು ಹತ್ತಿದರೂ ವಾಂತಿ. ಕೋಲಾರಕ್ಕೆ ಹೋಗಿ ಬರಬೇಕೆಂದರೂ ಕವರ್ ಇಲ್ಲದೆ ಮನೆ ಬಿಡುವ ಹಾಗಿಲ್ಲ.

ಮೊದಲು ಒಂದೇ ಸಮ ಆಕಳಿಸುತ್ತಾಳೆ. ಆಮೇಲೆ ಮಾತು ನಿಲ್ಲುತ್ತದೆ. ತುಟಿ ಬಿಳಿಚಿಕೊಳ್ಳುತ್ತದೆ, ಹಣೆ ಮುಟ್ಟಿದರೆ ತಣ್ಣಗೆ ಬೆವರು. ಬಾಯಲ್ಲಿ ನೀರೂರಿ ನುಂಗುತ್ತಾ ಕೂರುತ್ತಾಳೆ. ಅಷ್ಟು ಕಂಡರೆ ಸಾಕು, ನಾನು ಕವರ್ ಬಿಡಿಸಿ ಹಿಡಿದುಕೊಂಡಿರುತ್ತೇನೆ. "ಬರ್ತಾ ಇದೆಯಾ, ಬರ್ತಾ ಇದೆಯಾ" ಅಂತ ಕೇಳ್ತಾನೇ ಇರ್ತೀನಿ.

ವಿಚಿತ್ರ ಏನಂದ್ರೆ, ಅವಳಪ್ಪನ ಜೊತೆ ಟ್ರಾಕ್ಟರ್ ಟ್ರೈಲರ್‌ನಲ್ಲಿ ತೋಪಿಗೆ ಹೋಗುತ್ತಾಳೆ. ಮೈಮೂಳೆಯೆಲ್ಲ ಕಳಚಿಬೀಳುವಷ್ಟು ಕುಲುಕುತ್ತೆ. ಅವಳಿಗೆ ಏನೂ ಆಗಲ್ಲ, ಹಾಡು ಹೇಳಿಕೊಂಡು ಬರುತ್ತಾಳೆ. ಸ್ಕೂಟರ್‌ನಲ್ಲೂ ಏನಿಲ್ಲ. ನಮ್ಮ ಭಾವನವರು ಹೊಸ ಕಾರು ತಗೊಂಡಿದ್ದಾರೆ. ಒಳಗೆ ಕೂತರೆ ಗುಂಡಿ ಇಳಿದದ್ದೂ ಗೊತ್ತಾಗಲ್ಲ, ಅಷ್ಟು ಮೆತ್ತಗೆ ಹೋಗುತ್ತೆ. ಅದರಲ್ಲಿ ಊರು ದಾಟುವ ಮೊದಲೇ ಸೀಟು ಹಾಳು.

ಅತ್ತೆ ಪಿತ್ತ ಅಂತಾರೆ. ನಮ್ಮ ಮನೆಯವರು "ಎಲ್ಲಾ ಮನಸ್ಸು, ಗಟ್ಟಿ ಮನಸ್ಸು ಮಾಡ್ಕೋಬೇಕು" ಅಂತಾರೆ. ಪಕ್ಕದ ಮನೆ ಅಜ್ಜಿ ಸೀಟಿನ ಮೇಲೆ ನ್ಯೂಸ್‌ಪೇಪರ್ ಹಾಸಿ ಕೂರಿಸು ಅಂದರು. ಹೋದ ಸಲ ಒಂದು ಅಂಗಡಿಯಲ್ಲಿ ವಾಂತಿ ಮಾತ್ರೆ ಕೇಳಿದ್ದಕ್ಕೆ ಆಂಡನ್ಸೆಟ್ರಾನ್ ಕೊಟ್ಟರು. ದಾರಿಯಲ್ಲಿ ಒಂದು ಸಲ ವಾಂತಿಯಾದ ಮೇಲೆ ಕೊಟ್ಟೆ. ಮಾತ್ರೆಯೂ ಆಚೆ ಬಂತು.

ಇದು ನಿಜವಾಗಿ ಯಾಕೆ ಬರುತ್ತೆ? ವಿಜ್ಞಾನಿಗಳು ಏನಾದರೂ ಕಂಡುಹಿಡಿದಿದ್ದಾರಾ? ಸುಮ್ನೆ ನಿಂಬೆಹಣ್ಣು ಮೂಸಿಸಿ ಅನ್ನುವುದು ಬಿಟ್ಟು ಬೇರೆ ಗೊತ್ತಿದ್ದರೆ ಹೇಳಿ.

ಘಾಟ್ ಡ್ಯೂಟಿ, ಮುಳಬಾಗಿಲು

ಅಕ್ಕಾ, ನಾನು ಬಸ್ ಡ್ರೈವರ್. ನಂಗಲಿ, ಪಲಮನೇರು, ಚಿತ್ತೂರು ಲೈನ್ ಓಡಿಸಿದ್ದೀನಿ. ವಿಜ್ಞಾನ ಗೊತ್ತಿಲ್ಲ, ಕಂಡಿದ್ದು ಹೇಳ್ತೀನಿ.

ಸ್ಟೇರಿಂಗ್ ಹಿಡಿದವನಿಗೆ ವಾಂತಿ ಬರಲ್ಲ. ಅದೇ ನಾನು ರಜೆ ಹಾಕಿ ಮನೆಯವರ ಜೊತೆ ಹಿಂದಿನ ಸೀಟಿನಲ್ಲಿ ಕೂತು ಧರ್ಮಸ್ಥಳಕ್ಕೆ ಹೊರಟರೆ ಶಿರಾಡಿ ಘಾಟಿಯಲ್ಲಿ ಹೊಟ್ಟೆ ತೊಳೆಸುತ್ತೆ. ಡಿಪೋದಲ್ಲಿ ಇದನ್ನು ಹೇಳಿದರೆ ನಗ್ತಾರೆ. ಓಡಿಸುವಾಗ ತಿರುವು ಬರೋ ಮುಂಚೆನೇ ನನ್ನ ಮೈಗೆ ಗೊತ್ತಿರುತ್ತೆ. ಹಿಂದೆ ಕೂತವರಿಗೆ ಗೊತ್ತಿರಲ್ಲ.

ಎಲ್ಲರೂ ಕಿಟಕಿ ಸೀಟಿಗೆ ಜಗಳ ಆಡ್ತಾರೆ. ಗಾಳಿಗೆ ಅದು ಸರಿ. ಆದರೆ ಪಕ್ಕದ ಕಿಟಕಿಗಿಂತ ಮುಂದಿನ ಗಾಜು ಮುಖ್ಯ. ಟಿಟಿಯಲ್ಲಿ ಡ್ರೈವರ್ ಹಿಂದಿನ ಮೊದಲ ಸಾಲಿನಲ್ಲಿ, ನಡುವಿನಿಂದ ರಸ್ತೆ ಕಾಣುವ ಕಡೆ ಪಾಪುನ ಕೂರಿಸಿ. ಹಿಂದಿನ ಚಕ್ರದ ಮೇಲಿನ ಸೀಟು ಬೇಡವೇ ಬೇಡ. ಮೊಬೈಲ್ ಕೈಗೆ ಕೊಡಬೇಡಿ.

ಇನ್ನೊಂದು. ತಿರುಮಲಕ್ಕೆ ಹತ್ತೋದು ಎರಡನೇ ಘಾಟ್ ರೋಡಲ್ಲಿ, ಇಳಿಯೋದು ಹಳೇ ರೋಡಲ್ಲಿ. ಹೇರ್‌ಪಿನ್ ತಿರುವು ಹಳೇದರಲ್ಲೇ ಜಾಸ್ತಿ. ಜನ ಹತ್ತುವಾಗ ಉಪವಾಸ ಇದ್ದು ಹುಷಾರಾಗಿರ್ತಾರೆ. ಇಳಿಯುವಾಗ ಹೊಟ್ಟೆ ತುಂಬ ಊಟ, ಮೇಲೆ ಲಡ್ಡು. ಆಮೇಲೆ ನಾನು ಗಾಡಿ ನಿಲ್ಲಿಸಬೇಕು. ಇಳಿಯುವ ಮುಂಚೆ ಮಗುಗೆ ಸ್ವಲ್ಪವೇ ಕೊಡಿ.

ಅಂಗಡಿ ಗಲ್ಲಾ, ಕೋಲಾರ

ಅಮ್ಮಾ, ಕೋಲಾರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಬಸ್‌ಸ್ಟ್ಯಾಂಡಿಗೆ ಹತ್ತಿರ. ಬೆಳಿಗ್ಗೆ ಶಟರ್ ಪೂರ್ತಿ ಮೇಲೆ ಹೋಗಿರಲ್ಲ, ಕೆಳಗಿನಿಂದಲೇ ಕೈ ತೂರಿಸಿ "ಅಣ್ಣಾ, ವಾಂತಿ ಮಾತ್ರೆ, ಬೇಗ, ಬಸ್ಸು ಹೊರಡ್ತಿದೆ" ಅನ್ನುತ್ತಾರೆ. ಯಾವ ವಾಂತಿ, ಯಾರಿಗೆ, ಎಷ್ಟು ವಯಸ್ಸು ಅಂತ ಕೇಳಿದರೆ ಸಿಟ್ಟು. ವಾಂತಿ ಅಂದರೆ ವಾಂತಿ, ಅದರಲ್ಲಿ ಯಾವುದು ಏನು ಅನ್ನುವ ಹಾಗೆ ನೋಡುತ್ತಾರೆ. ನಿಮ್ಮ ಪೋಸ್ಟ್ ಓದಿದ ಮೇಲೆ ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯಬೇಕು ಅನ್ನಿಸಿತು.

ಪ್ರಯಾಣದ ವಾಂತಿ ಶುರುವಾಗುವುದು ಕಿವಿಯಲ್ಲಿ. ಹೊಟ್ಟೆ ಪಾಪ, ಕೊನೆಯಲ್ಲಿ ಸಿಕ್ಕಿಬೀಳುತ್ತದೆ. ಒಳಕಿವಿಯಲ್ಲಿ ಕಮಾನಿನ ಹಾಗೆ ಬಾಗಿದ ಮೂರು ಸಣ್ಣ ನಾಳಗಳಿವೆ. ಒಳಗೆ ದ್ರವ. ತಲೆ ತಿರುಗಿದರೆ ಆ ದ್ರವ ಅಲುಗಿ ಮೆದುಳಿಗೆ ಸುದ್ದಿ ಹೋಗುತ್ತದೆ. ಅದರ ಪಕ್ಕದಲ್ಲೇ ಸುಣ್ಣದ ಪುಟ್ಟ ಹರಳುಗಳಿವೆ. ನಾವು ಮೇಲೆ ಕೆಳಗೆ, ಮುಂದೆ ಹಿಂದೆ ಸರಿದದ್ದನ್ನು ಅವು ಹೇಳುತ್ತವೆ. ಕಾರಿನ ಒಳಗೆ ಕೂತ ಮಗುವಿನ ಕಣ್ಣಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು. ಅದು ಅಲುಗುತ್ತಿಲ್ಲ. ಕಿವಿ ಮಾತ್ರ "ತಿರುಗಿದೆವು, ಬಾಗಿದೆವು, ನಿಂತೆವು" ಅನ್ನುತ್ತಿರುತ್ತದೆ. ಕಣ್ಣಿನ ಸುದ್ದಿಗೂ ಕಿವಿಯ ಸುದ್ದಿಗೂ, ಮೆದುಳು ಮೊದಲೇ ಊಹಿಸಿಕೊಂಡಿದ್ದಕ್ಕೂ ತಾಳೆ ಬೀಳುವುದಿಲ್ಲ. ರೀಸನ್ ಮತ್ತು ಬ್ರ್ಯಾಂಡ್ ಅನ್ನುವ ಇಬ್ಬರು 1975ರಲ್ಲಿ ಇದನ್ನೇ ವಿವರವಾಗಿ ಬರೆದರು. ಡ್ರೈವರಣ್ಣ ಮೇಲೆ ಹೇಳಿದ್ದೂ ಇದನ್ನೇ. ಓಡಿಸುವವನ ಊಹೆ ತಪ್ಪುವುದಿಲ್ಲ.

ಕಿವಿಯೇ ಅಂತ ಹೇಗೆ ಗೊತ್ತು ಅಂದರೆ, ನನಗೆ ಬಹಳ ಇಷ್ಟವಾದ ಒಂದು ಪ್ರಯೋಗ ಇದೆ. 1950ರ ದಶಕದ ಕೊನೆ. ಬಾಹ್ಯಾಕಾಶಕ್ಕೆ ಮನುಷ್ಯನನ್ನು ಕಳಿಸುವ ತಯಾರಿ ಅಮೆರಿಕದಲ್ಲಿ ನಡೆದಿತ್ತು. ಅಲ್ಲಿನ ನೌಕಾಪಡೆಯ ಡಾಕ್ಟರುಗಳು ವಾಷಿಂಗ್ಟನ್‌ನಲ್ಲಿರುವ ಗ್ಯಾಲೊಡೆಟ್ ಅನ್ನುವ ಕಿವುಡರ ಕಾಲೇಜಿನಿಂದ 11 ಜನರನ್ನು ಆರಿಸಿಕೊಂಡರು. ಅವರಲ್ಲಿ 10 ಜನಕ್ಕೆ ಚಿಕ್ಕಂದಿನಲ್ಲಿ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಉರಿಯೂತ ಬಂದು ಕಿವಿ ಹೋಗಿತ್ತು. ಕೇಳಿಸುವ ಭಾಗದ ಜೊತೆಗೆ ಈ ಸಮತೋಲನದ ಭಾಗವೂ ಕೆಟ್ಟಿತ್ತು. ಅವರನ್ನು ಕೆನಡಾದ ನೋವಾ ಸ್ಕೋಷಿಯಾ ಹತ್ತಿರ, ಸಮುದ್ರ ಹುಚ್ಚೆದ್ದಿದ್ದ ಹೊತ್ತಿನಲ್ಲಿ ದೋಣಿ ಹತ್ತಿಸಿದರು. ಅವರು ಆರಾಮಾಗಿ ಇಸ್ಪೀಟು ಆಡುತ್ತಾ ಕೂತರು. ಪರೀಕ್ಷೆ ಮಾಡಲು ಜೊತೆಗೆ ಹೋಗಿದ್ದ ಸಂಶೋಧಕರೇ ವಾಂತಿ ಮಾಡಿ ಮಾಡಿ ಸುಸ್ತಾಗಿ ಪ್ರಯೋಗ ನಿಲ್ಲಿಸಬೇಕಾಯಿತು. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ಸಂಶೋಧಕರ ಮನಸ್ಸು ಮೆತ್ತಗಿತ್ತು ಅಂತಲ್ಲ, ಅವರ ಕಿವಿ ಸರಿಯಾಗಿತ್ತು ಅಷ್ಟೇ. ನಿಮ್ಮ ಮಗಳ ಕಿವಿಯೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಅಂತ ಅಂದುಕೊಳ್ಳಿ.

ಈಗ ಟ್ರಾಕ್ಟರ್ ವಿಷಯ. ಇದು ಒಳ್ಳೇ ಪ್ರಶ್ನೆ. ಎಲ್ಲಾ ಕುಲುಕಾಟ ಒಂದೇ ಅಲ್ಲ. 1974ರಲ್ಲಿ ಓಹ್ಯಾನ್ಲನ್ ಮತ್ತು ಮೆಕಾಲೆ ಅನ್ನುವವರು ಜನರನ್ನು ಒಂದು ಯಂತ್ರದ ಕೋಣೆಯಲ್ಲಿ ಕೂರಿಸಿ ಬೇರೆ ಬೇರೆ ವೇಗದಲ್ಲಿ ಮೇಲೆ ಕೆಳಗೆ ತೂಗಿ ನೋಡಿದರು. ಅತಿ ಹೆಚ್ಚು ವಾಂತಿ ಬರಿಸಿದ್ದು ಸುಮಾರು 0.2 ಹರ್ಟ್ಜ್, ಅಂದರೆ 5 ಸೆಕೆಂಡಿಗೆ ಒಂದು ತೂಗಾಟ. ಹಡಗು ಅಲೆಯ ಮೇಲೆ ಏಳುವುದು ಬೀಳುವುದು ಹೆಚ್ಚುಕಡಿಮೆ ಈ ಲಯದಲ್ಲೇ. ತಿರುವಿನ ರಸ್ತೆಯಲ್ಲಿ ಕಾರು ಎಡಕ್ಕೆ ಬಲಕ್ಕೆ ನಿಧಾನಕ್ಕೆ ವಾಲುವುದೂ ಹೀಗೇ. ಟ್ರಾಕ್ಟರ್ ಟ್ರೈಲರ್ ಕುಟ್ಟುವುದು ಸೆಕೆಂಡಿಗೆ ಎಷ್ಟೋ ಸಲ. ಅದರಿಂದ ಬೆನ್ನು ನೋಯಬಹುದು, ಹೊಟ್ಟೆ ತೊಳೆಸುವುದು ಕಡಿಮೆ. ಜೊತೆಗೆ ಟ್ರೈಲರ್‌ನಲ್ಲಿ ಸುತ್ತ ತೋಪು, ಬೆಟ್ಟ ಎಲ್ಲಾ ಕಾಣುತ್ತಿರುತ್ತದೆ. ಭಾವನವರ ಹೊಸ ಕಾರಿನ ಮೆತ್ತನೆ ಸ್ಪ್ರಿಂಗ್ ಚಿಕ್ಕ ಕುಲುಕನ್ನೆಲ್ಲ ನುಂಗಿಬಿಡುತ್ತದೆ. ಉಳಿಯುವುದು ಆ ನಿಧಾನದ ವಾಲಾಟವೇ. ದುಡ್ಡು ಕೊಟ್ಟು ವಾಂತಿ ತಂದ ಹಾಗಾಯಿತು, ಆದರೆ ಭಾವನವರಿಗೆ ಇದನ್ನು ಹೇಳಬೇಡಿ.

ಮುಂದೆ ಕೂರಿಸುವ ಮಾತಿಗೂ ಆಧಾರ ಇದೆ. ಬ್ರಿಟನ್‌ನಲ್ಲಿ ಟರ್ನರ್ ಮತ್ತು ಗ್ರಿಫಿನ್ 3256 ಕೋಚ್ ಬಸ್ ಪ್ರಯಾಣಿಕರನ್ನು ವಿಚಾರಿಸಿ 1999ರಲ್ಲಿ ಪ್ರಕಟಿಸಿದರು. ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತಿದ್ದವರಿಗೆ ಹೋಲಿಸಿದರೆ ಏನೂ ಕಾಣದವರಲ್ಲಿ ತೊಂದರೆ ಸುಮಾರು ಮೂರು ಪಟ್ಟು.

ಇನ್ನು ನನ್ನ ಗಲ್ಲಾ ಕಡೆಯ ಮಾತು. ಆಂಡನ್ಸೆಟ್ರಾನ್ ಒಳ್ಳೇ ಔಷಧಿ. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ, ಆಪರೇಷನ್ ಆದಮೇಲಿನ ವಾಂತಿಗೆ ಅದು ವರ. ವಾಂತಿಯ ಸುದ್ದಿ ಒಯ್ಯುವ ರಾಸಾಯನಿಕಗಳು ಬೇರೆ ಬೇರೆ ಇವೆ, ಅದು ತಡೆಯುವುದು ಸೆರೊಟೋನಿನ್ ಅನ್ನುವುದರ ದಾರಿಯನ್ನು. ಪ್ರಯಾಣದ ವಾಂತಿಯ ಸುದ್ದಿ ಮೆದುಳಲ್ಲಿ ಓಡುವುದು ಮುಖ್ಯವಾಗಿ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ದಾರಿಯಲ್ಲಿ. ಹಾಗಾಗಿ ಇದಕ್ಕೆ ಆಂಡನ್ಸೆಟ್ರಾನ್ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕಂಡಿಲ್ಲ. ಎರಡಕ್ಕೂ ಒಂದೇ ಸ್ಟ್ರಿಪ್ ಹರಿದುಕೊಡುವುದು ನಮ್ಮ ವ್ಯಾಪಾರದ ಕೆಟ್ಟ ಅಭ್ಯಾಸ.

ಸರಿಯಾದ ಔಷಧಿ ಸಿಕ್ಕಿದ ಕಥೆಯೂ ಚೆನ್ನಾಗಿದೆ. 1947ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗೇ ಮತ್ತು ಕಾರ್ಲಿನರ್ ಅನ್ನುವ ಅಲರ್ಜಿ ಡಾಕ್ಟರುಗಳು ಪಿತ್ತಗಂಧೆ ಬಂದಿದ್ದ ಒಬ್ಬ ಹೆಂಗಸಿಗೆ ಹೊಸ ಮಾತ್ರೆ ಕೊಟ್ಟರು. ಆಕೆಗೆ ಟ್ರಾಮ್ ಹತ್ತಿದರೆ ಹೊಟ್ಟೆ ತೊಳೆಸುತ್ತಿತ್ತು. ಮಾತ್ರೆ ತಿಂದ ದಿನಗಳಲ್ಲಿ ಅದು ಇಲ್ಲ ಅಂತ ಆಕೆಯೇ ಗಮನಿಸಿ ಹೇಳಿದ್ದು. ಡಾಕ್ಟರುಗಳು ಕಿವಿಗೊಟ್ಟು ಕೇಳಿದರು, ಅದು ದೊಡ್ಡದು. ಅದೇ ವರ್ಷ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಜರ್ಮನಿಗೆ ಹೊರಟಿದ್ದ ಸೈನಿಕರ ಹಡಗಿನಲ್ಲಿ ಆ ಮಾತ್ರೆ ಪರೀಕ್ಷೆ ಮಾಡಿದರು. ಅದು ಡೈಮೆನ್‌ಹೈಡ್ರಿನೇಟ್. ಹಳೇ ಕಾಲದ, ನಿದ್ದೆ ಬರಿಸುವ ಅಲರ್ಜಿ ಮಾತ್ರೆಗಳ ಜಾತಿ. ನಮ್ಮಲ್ಲಿ ಜಾಸ್ತಿ ಓಡುವ ಪ್ರೊಮೆಥಜಿನ್ ಕೂಡ ಅದೇ ಜಾತಿ. "ನಿದ್ದೆ ಬರಿಸದ ಸೆಟಿರಿಜಿನ್ ಕೊಡಿ, ಅದೂ ಅಲರ್ಜಿದೇ ಅಲ್ವಾ" ಅಂತ ಕೆಲವರು ಜಾಣತನ ಮಾಡುತ್ತಾರೆ. 2003ರಲ್ಲಿ ಅದನ್ನೂ ಪರೀಕ್ಷೆ ಮಾಡಿದ್ದಾರೆ, ತಡೆಯಲಿಲ್ಲ.

ಎಲ್ಲಕ್ಕಿಂತ ಮುಖ್ಯ ಹೊತ್ತು. ಪ್ರೊಮೆಥಜಿನ್ ಅನ್ನು ಹೊರಡುವುದಕ್ಕೆ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳಬೇಕು, ದೂರದ ಪ್ರಯಾಣಕ್ಕೆ ಹಿಂದಿನ ರಾತ್ರಿ. ಹೊಟ್ಟೆ ತೊಳೆಸಲು ಶುರುವಾದ ಮೇಲೆ ಜಠರ ಕೆಲಸ ನಿಧಾನ ಮಾಡುತ್ತದೆ, ಮಾತ್ರೆ ಅಲ್ಲೇ ಕೂತಿರುತ್ತದೆ. ವಾಂತಿ ಆದಮೇಲೆ ಮಾತ್ರೆ ಕೊಡುವುದು ಬಸ್ಸು ಹೋದಮೇಲೆ ಟಿಕೆಟ್ ತಗೊಂಡ ಹಾಗೆ. ಮಗುವಿನ ತೂಕ ನೋಡಿ ಎಷ್ಟು ಕೊಡಬೇಕು ಅನ್ನುವುದನ್ನು ಮಕ್ಕಳ ಡಾಕ್ಟರ್ ಹೇಳಬೇಕು, ನಾನು ಇಲ್ಲಿ ಬರೆಯುವುದಿಲ್ಲ. ಕೆಲವು ಮಕ್ಕಳು ನಿದ್ದೆ ಮಾಡುವ ಬದಲು ರಂಪ ಮಾಡುತ್ತಾರೆ, ಅದನ್ನೂ ಕೇಳಿಕೊಳ್ಳಿ. ಚಿಕ್ಕವನಿಗೆ 2 ವರ್ಷ ತುಂಬಿಲ್ಲದಿದ್ದರೆ ಪ್ರೊಮೆಥಜಿನ್ ಹತ್ತಿರಕ್ಕೂ ತರಬೇಡಿ. ಆ ವಯಸ್ಸಿನಲ್ಲಿ ಉಸಿರಾಟಕ್ಕೆ ಅಪಾಯ. ಅಷ್ಟಕ್ಕೂ ಅಷ್ಟು ಚಿಕ್ಕ ಮಕ್ಕಳಿಗೆ ಪ್ರಯಾಣದ ವಾಂತಿ ಬರುವುದೇ ಅಪರೂಪ. ಜೋರಾಗಿರುವುದು 2ರಿಂದ 12ರವರೆಗೆ, ಅದರಲ್ಲೂ ಅತಿ ಜೋರಾಗಿರುವ ವಯಸ್ಸೇ ನಿಮ್ಮ ಮಗಳದ್ದು.

ಶುಂಠಿ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ. 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಬಂತು. ತಿರುಗುವ ಕುರ್ಚಿಯಲ್ಲಿ 940 ಮಿಲಿಗ್ರಾಂ ಒಣಶುಂಠಿ ಪುಡಿ ತಿಂದವರು ಡೈಮೆನ್‌ಹೈಡ್ರಿನೇಟ್ ಮಾತ್ರೆ ತಿಂದವರಿಗಿಂತ ಹೆಚ್ಚು ಹೊತ್ತು ತಡೆದುಕೊಂಡರು. ಆಮೇಲೆ ಡೆನ್ಮಾರ್ಕ್‌ನ ನೌಕಾ ಕೆಡೆಟ್‌ಗಳಲ್ಲೂ ವಾಂತಿ ಕಡಿಮೆಯಾಯಿತು. ಇನ್ನು ಕೆಲವು ಪ್ರಯೋಗಗಳಲ್ಲಿ ಏನೂ ಆಗಲಿಲ್ಲ. ಕೊಡಿ, ತೊಂದರೆಯಿಲ್ಲ, ಅದನ್ನೇ ನಂಬಿ ಘಾಟ್ ಹತ್ತಬೇಡಿ. ನ್ಯೂಸ್‌ಪೇಪರ್ ಹಾಸುವುದರಿಂದ ಸೀಟು ಉಳಿಯುತ್ತದೆ.

ಕ್ಯಾತ್ಸಂದ್ರ ಕಡೆಯವಳು, ತುಮಕೂರು

ಅಂಗಡಿಯಣ್ಣ ಚೆನ್ನಾಗಿ ಬರೆದಿದ್ದಾರೆ. ನಾನು ನರ್ಸಿಂಗ್ ಮಕ್ಕಳಿಗೆ ಶರೀರಶಾಸ್ತ್ರ ಪಾಠ ಮಾಡುತ್ತೇನೆ. ಒಂದೆರಡು ತಕರಾರು ಇದೆ.

ಕಣ್ಣು ಕಿವಿ ತಾಳೆಯಾಗುವುದಿಲ್ಲ ಅನ್ನೋಣ. ಅದಕ್ಕೆ ವಾಂತಿ ಯಾಕೆ ಬರಬೇಕು? ತಲೆನೋವು ಬರಬಹುದಿತ್ತು, ಕಾಲು ತುರಿಸಬಹುದಿತ್ತು. 1977ರಲ್ಲಿ ಟ್ರೀಸ್‌ಮನ್ ಒಂದು ಊಹೆ ಮುಂದಿಟ್ಟರು. ವಿಷ ತಿಂದಾಗ ಮೊದಲು ಕೆಡುವುದು ಈ ಸಮತೋಲನ. ಹಾಗಾಗಿ ಸಮತೋಲನ ತಪ್ಪಿದರೆ ಮೆದುಳು ವಿಷ ಒಳಗೆ ಹೋಗಿದೆ ಅಂದುಕೊಂಡು ಆಚೆ ಹಾಕಿಸುತ್ತದೆ ಅಂತ. 1983ರಲ್ಲಿ ಮನಿ ಮತ್ತು ಚಂಗ್ ಅನ್ನುವವರು ನಾಯಿಗಳಲ್ಲಿ ಒಳಕಿವಿಯ ಆ ಭಾಗ ತೆಗೆದು ನೋಡಿದಾಗ ಕೆಲವು ವಿಷಗಳಿಗೆ ವಾಂತಿ ಮಾಡುವುದೂ ಕಡಿಮೆಯಾಗಿತ್ತು. ಊಹೆಗೆ ಬಲ ಬಂತು, ಆದರೆ ಇಂದಿಗೂ ಎಲ್ಲರೂ ಒಪ್ಪಿಲ್ಲ. ರಿಚಿಯೋ ಮತ್ತು ಸ್ಟಾಫ್ರೆಗನ್ 1991ರಲ್ಲಿ ಬೇರೆಯೇ ಮಾತು ಹೇಳಿದರು. ಅವರ ಪ್ರಕಾರ ಮೈಯನ್ನು ಸ್ಥಿರವಾಗಿ ಹಿಡಿದುಕೊಳ್ಳಲು ಆಗದಿರುವುದೇ ಮೂಲ. ಹಾಗಾಗಿ "ಕಂಡುಹಿಡಿದಿದ್ದಾರಾ" ಅಂದರೆ, ಕಿವಿ ಬೇಕೇಬೇಕು ಅನ್ನುವುದು ಗಟ್ಟಿ. ಉಳಿದದ್ದರ ಮೇಲೆ ಜಗಳ ನಡೆದೇ ಇದೆ.

ವಂಶದ ಪಾಲೂ ಇದೆ. 2015ರಲ್ಲಿ 80,494 ಜನರ ಡಿಎನ್‌ಎ ನೋಡಿ ಇದಕ್ಕೆ ಸಂಬಂಧಪಟ್ಟ 35 ಜಾಗಗಳನ್ನು ಗುರುತಿಸಿದ್ದಾರೆ. ಮನೆಯಲ್ಲಿ ಯಾರಿಗಾದರೂ ಮೈಗ್ರೇನ್ ಇದೆಯಾ ವಿಚಾರಿಸಿ, ಎರಡೂ ಜೊತೆಜೊತೆಗೆ ಕಾಣುವುದು ಜಾಸ್ತಿ.

ಮನಸ್ಸಿನ ವಿಷಯವನ್ನು ಅಣ್ಣ ಪೂರ್ತಿ ತಳ್ಳಿಹಾಕಿದರು. ನಾನು ಅಷ್ಟು ತಳ್ಳಲ್ಲ. 1995ರಲ್ಲಿ ಇಸ್ರೇಲ್‌ನ 25 ನೌಕಾ ಕೆಡೆಟ್‌ಗಳ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಮಾತ್ರ "ನಿಮಗೆ ವಾಂತಿ ಬರುವ ಸಂಭವ ಕಡಿಮೆ, ಬಂದರೂ ಕೆಲಸ ಮಾಡಬಲ್ಲಿರಿ" ಅಂತ ಧೈರ್ಯ ತುಂಬಿದರು. ಸಮುದ್ರಕ್ಕೆ ಹೋದಾಗ ಅವರಿಗೆ ತೊಂದರೆ ಕಡಿಮೆಯಾಗಿತ್ತು. ಅಂದಮೇಲೆ ಅಕ್ಕಾ, ನೀವು ಕವರ್ ಬಿಡಿಸಿ ಹಿಡಿದು "ಬರ್ತಾ ಇದೆಯಾ" ಅಂತ ಕೇಳುವುದನ್ನು ಮೊದಲು ಬಿಡಿ. ಕವರ್ ಸೀಟಿನ ಕೆಳಗಿರಲಿ. ಮಗಳ ಜೊತೆ ಬೇರೆ ಏನಾದರೂ ಮಾತಾಡಿ. ಉಸಿರನ್ನು ನಿಧಾನಕ್ಕೆ, ಒಂದೇ ಹದದಲ್ಲಿ ಎಳೆದು ಬಿಡುವುದನ್ನು ಮನೆಯಲ್ಲೇ ಕಲಿಸಿಡಿ. ಅದನ್ನೂ ಪರೀಕ್ಷೆ ಮಾಡಿದ್ದಾರೆ, ಔಷಧಿಯಷ್ಟು ಅಲ್ಲದಿದ್ದರೂ ಪ್ರಯೋಜನ ಇದೆ.

ತಿರುವಿನಲ್ಲಿ ಮಾಡಬೇಕಾದ ಇನ್ನೊಂದು ಉಪಾಯ. ಗಾಡಿ ಬಲಕ್ಕೆ ತಿರುಗಿದರೆ ಕೂತವರ ತಲೆ ಎಡಕ್ಕೆ ವಾಲುತ್ತದೆ. ಡ್ರೈವರ್ ತಲೆ ಮಾತ್ರ ತಿರುವಿನ ಒಳಗಡೆಗೆ ಬಾಗಿರುತ್ತದೆ. ಜಪಾನಿನ ವಾಡಾ ಮತ್ತು ಜೊತೆಯವರು 2012ರಲ್ಲಿ ಪ್ರಯಾಣಿಕರಿಗೂ ಡ್ರೈವರ್ ಹಾಗೆ ತಲೆ ಬಾಗಿಸಲು ಹೇಳಿ ನೋಡಿದರು. ಹೊಟ್ಟೆ ತೊಳೆಸುವುದು ಕಡಿಮೆಯಾಯಿತು. ಮಗಳಿಗೆ ಇದನ್ನು ಆಟದ ಥರ ಕಲಿಸಬಹುದು, "ಡ್ರೈವರ್ ಮಾಮ ಯಾವ ಕಡೆ ಬಾಗಿದ್ರೆ ನೀನೂ ಆ ಕಡೆ" ಅಂತ. ಹಾಗೆ ಆಡಿದರೆ ಕಣ್ಣೂ ರಸ್ತೆಯ ಮೇಲೇ ಇರುತ್ತದೆ.

ಘಾಟ್ ಡ್ಯೂಟಿ, ಮುಳಬಾಗಿಲು

ಮೇಡಂ, ನಾನು ಬಾಗ್ತೀನಾ ಅಂತ ನನಗೇ ಗೊತ್ತಿರಲಿಲ್ಲ. ಇವತ್ತು ಡ್ಯೂಟಿಯಲ್ಲಿ ನೋಡ್ಕೊಂಡೆ. ಹೌದು, ಬಾಗ್ತೀನಿ. ಕಂಡಕ್ಟರ್ ಆ ಕಡೆ, ನಾನು ಈ ಕಡೆ.

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಮನೆಯವರಿಗೆ ಆ ಇಸ್ಪೀಟಿನ ಕಥೆ ಓದಿದೆ. "ವಾಂತಿ ಮಾಡಿದವರು ಬರೀ ಡಾಕ್ಟರುಗಳು, ಗಟ್ಟಿ ಮಿಲಿಟರಿಯವರಿಗೆಲ್ಲ ಹಾಗಾಗಲ್ಲ" ಅಂದರು. ನನಗೂ ಮೈಗ್ರೇನ್ ಇದೆ, ಅದು ಸರಿಯಾಗಿ ಹೊಂದಿತು. ಚಿಕ್ಕವನಿಗೆ ಇನ್ನೂ 2 ತುಂಬಿಲ್ಲ, ಅವನಿಗೆ ಏನೂ ಕೊಡಲ್ಲ. ಮಗಳನ್ನು ಈ ವಾರ ಮಕ್ಕಳ ಡಾಕ್ಟರ್ ಹತ್ತಿರ ತೋರಿಸುತ್ತೇನೆ.

ಇನ್ನೊಂದು ಕೇಳಬೇಕಿತ್ತು. ನಮ್ಮ ಅತ್ತೆಗೂ ಘಾಟಿಯಲ್ಲಿ ತಲೆ ಸುತ್ತು ಬರುತ್ತೆ. ಕಿವಿ ಹಿಂದೆ ಅಂಟಿಸುವ ಪ್ಯಾಚ್ ಇದೆಯಂತೆ, ಮೂರು ದಿನ ಕೆಲಸ ಮಾಡುತ್ತಂತೆ. ಅವರಿಗೆ ಅದು ಆಗುತ್ತಾ? ಬಿಪಿ ಮಾತ್ರೆ ತಗೋತಾರೆ, ಕಣ್ಣಿಗೆ ಪ್ರೆಶರ್ ಅಂತ ದಿನಾ ರಾತ್ರಿ ಡ್ರಾಪ್ಸ್ ಹಾಕ್ಕೋತಾರೆ.

ಅಂಗಡಿ ಗಲ್ಲಾ, ಕೋಲಾರ

ಮನೆಯವರಿಗೆ ಗೆರ್ಮನ್ ಟಿಟೋವ್ ಹೆಸರು ಹೇಳಿ. ರಷ್ಯಾದ ವಾಯುಪಡೆ ಪೈಲಟ್, ಗಗಾರಿನ್ ಆದಮೇಲೆ ಭೂಮಿ ಸುತ್ತಿದ ಎರಡನೆಯವನು, 1961ರ ಆಗಸ್ಟ್. ಬಾಹ್ಯಾಕಾಶದಲ್ಲಿ ವಾಂತಿ ಮಾಡಿದ ಮೊದಲ ಮನುಷ್ಯನೂ ಅವನೇ.

ಅತ್ತೆಯವರ ವಿಷಯ ತಮಾಷೆಯಲ್ಲ. ಆ ಪ್ಯಾಚ್‌ನಲ್ಲಿರುವುದು ಸ್ಕೋಪೊಲಮಿನ್. ಹತ್ತುವ 4 ಗಂಟೆ ಮೊದಲೇ ಅಂಟಿಸಬೇಕು, 72 ಗಂಟೆ ಇರುತ್ತದೆ, ಅದೆಲ್ಲ ನಿಜ. ಆದರೆ ಕೆಲವು ಬಗೆಯ ಗ್ಲಾಕೋಮಾ, ಅಂದರೆ ಕಣ್ಣಿನ ಪ್ರೆಶರ್ ಕಾಯಿಲೆ ಇದ್ದವರಿಗೆ ಅದು ಕಣ್ಣಿನ ಒತ್ತಡ ಏರಿಸಿ ದೃಷ್ಟಿಗೇ ತೊಂದರೆ ಕೊಡಬಹುದು. ವಯಸ್ಸಾದವರಿಗೆ ಬಾಯಿ ಒಣಗುತ್ತದೆ, ಮೂತ್ರ ಕಟ್ಟಬಹುದು, ಗಲಿಬಿಲಿಯೂ ಆಗಬಹುದು. ಪ್ರೊಮೆಥಜಿನ್‌ಗೂ ಇದೇ ಎಚ್ಚರಿಕೆ. ಮಗಳಿಗೆ ತಂದ ಮಾತ್ರೆಯಲ್ಲೇ ಅರ್ಧ ಮುರಿದು ಅವರಿಗೆ ಕೊಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹೊರಡುವ ಮೊದಲು ಅವರ ಕಣ್ಣಿನ ಡಾಕ್ಟರನ್ನು ಒಂದು ಮಾತು ಕೇಳಿ. ಡ್ರಾಪ್ಸ್ ಬಾಟಲಿ, ಬಿಪಿ ಮಾತ್ರೆ ಸ್ಟ್ರಿಪ್ ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಹೆಸರು ನೆನಪಿದೆ ಅಂತ ಹಾಗೇ ಹೋಗಬೇಡಿ.